ಮಾವಿನ ಮಂಡಿಯ ಕಳ್ಳ ತಂತಿ

2006ರ ಮೇ ತಿಂಗಳಲ್ಲಿ ಶ್ರೀನಿವಾಸಪುರದಲ್ಲಿ ಒಂದು ಗಂಟೆಯ ಇಂಟರ್‌ನೆಟ್ಟಿಗೆ ಇಪ್ಪತ್ತು ರೂಪಾಯಿ, ಪಿಯುಸಿ ಫಲಿತಾಂಶ ತೆಗೆದುಕೊಟ್ಟರೆ ಹತ್ತು. ಸೋಮವಾರ ಬೆಳಿಗ್ಗೆ 11.20ಕ್ಕೆ ಸೈಬರ್ ಕೆಫೆಯ ಶಾಮಲಮ್ಮ ಠಾಣೆಗೆ ಬಂದರು. ಹದಿನೈದು ದಿನದಿಂದ ಹತ್ತಕ್ಕೆ ಸರಿಯಾಗಿ ನೆಟ್ ನಿಲ್ಲುತ್ತದೆ, ಹನ್ನೊಂದಕ್ಕೆ ತಾನಾಗಿ ಬರುತ್ತದೆ ಎಂಬುದು ದೂರು.

“ಗುರುವಾರ ಹತ್ತಕ್ಕೆ ರಿಸಲ್ಟು ಸಾರ್. ಅವತ್ತೂ ಹಿಂಗಾದ್ರೆ ಅಂಗಡಿಗೆ ಬೀಗಾನೇ.”

“ಅನುಮಾನ ಯಾರ ಮೇಲೆ?” ಇನ್ಸ್‌ಪೆಕ್ಟರ್ ಚನ್ನರಾಯಪ್ಪ ಕೇಳಿದರು.

“ಗೊತ್ತಿಲ್ಲ. ಕೇಬಲ್‌ನೋರು ಲೈನ್ ಸರಿಯಾಗಿದೆ ಅಂತಾರೆ.”

ಯಾವ ಕಲಮು ಹಾಕುವುದೆಂದು ಠಾಣೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನಂಗಲಿ ಚೆಕ್‌ಪೋಸ್ಟಿನಲ್ಲಿ ಆರು ವರ್ಷ ನಿಂತಿದ್ದ ಕಾನ್‌ಸ್ಟೆಬಲ್ ಗಂಗರತ್ನಮ್ಮ ನಕ್ಕರು.

“ಸಾರ್, ರೋಡ್ ಸರಿಯಾಗೇ ಇರುತ್ತೆ. ಮಾಲಿನ ಲಾರಿ ಸಾಲಾಗಿ ನುಗ್ಗಿದ್ರೆ ಹಿಂದೆ ಹಾಲಿನ ವ್ಯಾನೂ ನಿಲ್ಲುತ್ತೆ. ಈ ತಂತೀಲೂ ಯಾವನೋ ಹತ್ತಕ್ಕೆ ಲಾರಿ ಬಿಡ್ತಾವ್ನೆ.”

ಮಂಗಳವಾರ 10.05ಕ್ಕೆ ಗಂಗರತ್ನಮ್ಮ ಕೆಫೆಯ ಬೀದಿಯಲ್ಲಿದ್ದ ಕೇಬಲ್ ಕಂಪನಿಯ ಪೆಟ್ಟಿಗೆ ತೆರೆಸಿದರು. ಒಳಗೆ ಹನ್ನೆರಡು ತಂತಿ, ಹನ್ನೆರಡು ದೀಪ. ಹನ್ನೊಂದು ಆಗಾಗ ಮಿನುಗುತ್ತಿದ್ದವು. ಒಂದು ಮಾತ್ರ ಬಿಡುವಿಲ್ಲದೆ ಮಿನುಗುತ್ತಿತ್ತು. ಕಂಪನಿಯ ಪುಸ್ತಕದಲ್ಲಿ ಇದ್ದದ್ದು ಹನ್ನೊಂದೇ ಹೆಸರು. ಆ ತಂತಿಯ ಜಾಡು ಹಿಡಿದು ಮಹಡಿಗಳನ್ನು ಹತ್ತಿಳಿದರೆ, ಅದು ಮಾವಿನ ಮಂಡಿಯ ಅಟ್ಟಕ್ಕೆ ಹೋಗಿತ್ತು. ಕಿಟಕಿಯಲ್ಲಿ ಹರಾಜಿನ ಕಟ್ಟೆಗೆ ಮುಖಮಾಡಿದ ಪುಟ್ಟ ಕ್ಯಾಮೆರಾ. ಪಕ್ಕದಲ್ಲಿ ಮಂಡಿಯ ಗುಮಾಸ್ತ ಮುನಿಕೃಷ್ಣ.

“ಏನ್ಲಾ ಇದು?”

“ಹರಾಜು ಮೇಡಂ, ಹತ್ತರಿಂದ ಹನ್ನೊಂದು. ನಮ್ಮೂರು ತಾಯಲೂರಿನ ಡೈರಿಯ ಕಂಪ್ಯೂಟರಲ್ಲಿ ಊರೋರೆಲ್ಲ ನೋಡ್ತಾರೆ. ರೇಟು ನೋಡಿ ಆಮೇಲೆ ಕಾಯಿ ಲೋಡ್ ಮಾಡ್ತಾರೆ.”

“ರೇಟು ಒಂದು ಸಾಲು. ಇಡೀ ಮಂಡಿನೇ ಯಾಕೋ ಕಳಿಸ್ತೀಯ?”

“ಬರೆದು ಕಳಿಸಿದ್ರೆ ನಂಬಲ್ಲ. ಕಣ್ಣಲ್ಲಿ ನೋಡ್ಬೇಕು.”

11.40ಕ್ಕೆ ಪಂಚನಾಮೆ, ನಂತರ ಎಫ್‌ಐಆರ್, ಕಳವಿನ ಆರೋಪದ ಮೇಲೆ ಬಂಧನ. ಮುನಿಕೃಷ್ಣನ ಹೇಳಿಕೆಯಲ್ಲಿ ಒಂದು ಮಾತಿತ್ತು: ಹೋದ ವರ್ಷ ವ್ಯಾಪಾರಿ ಫೋನಿನಲ್ಲಿ ಹೇಳಿದ ದರ ನಂಬಿ ಲಾರಿ ತುಂಬಿಸಿ ತಂದ ಅವನ ತಾಯಿ ವೆಂಕಟರತ್ನಮ್ಮ, ಅರ್ಧ ಬೆಲೆಗೆ ಮಾರಿ, ಊಟವನ್ನೂ ಮಾಡದೆ ಊರಿಗೆ ಹೋಗಿದ್ದರು.

ಠಾಣೆಯಲ್ಲೇ ಕೂತಿದ್ದ ಶಾಮಲಮ್ಮ ಕೇಳಿಸಿಕೊಂಡರು.

“ಲೇ, ರೇಟಿನ ಬೋರ್ಡಿಗೆ ಒಂದು ಫೋಟೊ ಹೊಡ್ಕೊಂಡು ನನ್ನ ಅಂಗಡಿಗೆ ಬಾ, ಕಳಿಸೋಣ. ಒಂದೇ ಒಂದು, ಕಣೋ!”

ಇನ್ಸ್‌ಪೆಕ್ಟರೂ ನಗು ತಡೆಯಲಿಲ್ಲ.

ಬುಧವಾರ ಜಾಮೀನು ಸಿಕ್ಕಿತು. ಗುರುವಾರ ಹತ್ತರಿಂದ ಹನ್ನೊಂದರೊಳಗೆ ಶಾಮಲಮ್ಮ ನೂರಾ ಹದಿನಾಲ್ಕು ಫಲಿತಾಂಶ ತೆಗೆದುಕೊಟ್ಟರು. ನಡುವೆ ತಾಯಲೂರಿಗೆ ಒಂದು ಫೋಟೊ ಹೋಯಿತು, ಯಾರಿಗೂ ತಡೆಯಾಗಲಿಲ್ಲ. ಪಾಸಾದವರು ಹಂಚಿದ ಲಾಡು ಠಾಣೆಗೂ ಬಂತು.

ಮುನಿಕೃಷ್ಣನ ಗುಮಾಸ್ತ ಕೆಲಸ ಹೋಯಿತು, ದಿನಕ್ಕೊಂದು ಫೋಟೊ ಮಾತ್ರ ನಿಲ್ಲಲಿಲ್ಲ. ಆ ಹಂಗಾಮಿನಲ್ಲಿ ತಾಯಲೂರಿನ ಒಂದು ಲಾರಿಯೂ ಅರ್ಧ ಬೆಲೆಗೆ ಇಳಿಯಲಿಲ್ಲ.