ಸುದ್ದಿಯಲ್ಲಿ ಸತ್ತವನು

"ಈ ದನಿ ನನಗ ಗೊತ್ತೈತ್ರಿ. ನನ್ನ ಸಾಯಿಸಿದವರು ನೀವ ಅಲ್ಲೇನ್ರಿ?"

ವೀರವ್ವನ ಕೈಯಿಂದ ಚೀಲ ಜಾರಿತು.

ಯಲವಿಗಿ ಸ್ಟೇಷನ್ನಿನಲ್ಲಿ ಹೊತ್ತು ಮುಳುಗುತ್ತಿತ್ತು. ಬೆಂಗಳೂರಿನ ಕಡೆಯಿಂದ ಬಂದ ರೈಲು ಅವಳೊಬ್ಬಳನ್ನೇ ಇಳಿಸಿ ಹೊರಟುಹೋಗಿತ್ತು. ಸವಣೂರಿಗೆ ಟಾಂಗಾ ಸಿಗುವುದೇ ಎಂದು ಅವಳು ಕೇಳಿದ್ದಷ್ಟೇ... ವೀಳ್ಯದೆಲೆಯ ಪೆಂಡಿಗಳ ಹಿಂದಿನ ಕತ್ತಲಿನಿಂದ ಆ ಯುವಕ ಎದ್ದು ಬಂದಿದ್ದ. ಬಿಳಿಚಿದ ಮುಖ. ರೆಪ್ಪೆ ಬಡಿಯದ ಕಣ್ಣು.

"ಯಾ... ಯಾರ್ರಿ ನೀವು?"

"ಹತ್ತಿಮತ್ತೂರ ಉಳಿವೆಪ್ಪ."

ಆ ಹೆಸರು!

ಹೇಗೆ ಮರೆತಾಳು? ಸವಣೂರಿನ ಗಿರಿಯಪ್ಪ ಮಾಸ್ತರರ ಮಗಳಾದ ಅವಳು ಬೆಂಗಳೂರಿನ ಟಿವಿಯಲ್ಲಿ ವಾರ್ತೆ ಓದಲು ಶುರುಮಾಡಿ ಕೆಲವು ವರ್ಷಗಳಾಗಿದ್ದವು. ಊರಿನ ಮಾತನ್ನು ಬದಿಗಿಟ್ಟು ಪುಸ್ತಕದ ಕನ್ನಡಕ್ಕೆ ನಾಲಿಗೆ ತಿದ್ದಿಕೊಂಡಿದ್ದಳು. ನೆರೆ, ಚುನಾವಣೆ, ಸಾವು... ಎಲ್ಲವನ್ನೂ ಒಂದೇ ಹದದ ದನಿಯಲ್ಲಿ ಓದುವುದನ್ನು ಕಲಿತಿದ್ದಳು.

ಎಂಬತ್ತೆಂಟರ ಮಳೆಗಾಲದಲ್ಲಿ ಹಾನಗಲ್ ಹತ್ತಿರ ವರದಾ ನದಿಗೆ ಬಸ್ಸು ಬಿತ್ತು. ಆ ಸಂಜೆ ಅವಳೇ ಓದಿದಳು. "ಮೃತರಲ್ಲಿ ಹತ್ತಿಮತ್ತೂರಿನ ಉಳಿವೆಪ್ಪ ಎಂಬುವರೂ ಸೇರಿದ್ದಾರೆ."

ಹೆಸರು ಬಾಯಿಂದ ಹೊರಬಿದ್ದ ಕ್ಷಣ, ಕಿವಿಯ ಹತ್ತಿರವೇ ಯಾರೋ ಉಸಿರು ಬಿಟ್ಟಂತಾಗಿತ್ತು.

'ನಾ ಅದೇನಿ...'

ಬಾಗಿಲು ಮುಚ್ಚಿದ ಸ್ಟುಡಿಯೋ. ಅವಳ ಹಿಂದೆ ಗೋಡೆ ಬಿಟ್ಟು ಏನೂ ಇರಲಿಲ್ಲ! ಅಂದಿನಿಂದ ಯಾರ ಸಾವನ್ನು ಓದುವ ಮುನ್ನವೂ ಅವಳು ಹಿಂದಿನ ಗೋಡೆಯನ್ನೊಮ್ಮೆ ತಿರುಗಿ ನೋಡುತ್ತಿದ್ದಳು.

ಈಗ ಆ ಹೆಸರೇ ಎದುರಿಗೆ ನಿಂತಿದೆ...

"ಅಂಜಬ್ಯಾಡ್ರಿ," ಉಳಿವೆಪ್ಪ ಸಣ್ಣಗೆ ಹೇಳಿದ. "ಬಸ್ಸಿನ್ಯಾಗ ಒಬ್ಬ ಅಜ್ಜ ಥಂಡಿಗೆ ನಡುಗಾಕತ್ತಿದ್ದ. ನನ್ನ ಕೋಟ ಹೊಚ್ಚಿದೆ. ಕಿಸೇದಾಗ ನನ್ನ ಹೆಸರಿನ ಪಾಸ ಇತ್ತು. ಜಜ್ಜಿದ ಮುಖದ ಗುರ್ತ ಹತ್ತಲಿಲ್ಲ, ಆ ಅಜ್ಜನ್ನ ನಾನಂತ ತಿಳದು ಹುಗದ್ರು. ದನಾ ಕಾಯೋರು ನನ್ನನ್ನ ಹೊಳಿ ದಂಡಿಗೆ ಎಳದು ಉಳಿಸಿದ್ರು. ಜ್ವರಾ ಇಳದು ಊರಿಗೆ ಬರೂದ್ರಾಗ ನನ್ನ ಸಮಾಧಿ ಮ್ಯಾಲೆ ಹುಲ್ಲ ಬೆಳದಿತ್ತು."

"ಮನ್ಯಾಗ ಯಾರೂ ಇಲ್ಲೇನ್ರಿ?"

"ಅವ್ವ ಅದಾಳ. ಬಾಗಿಲಾ ತಗೀವಲ್ಲಳು. ದೆವ್ವಕ್ಕ ಬಾಗಿಲಾ ತಗೀಬಾರ್ದಂತ. ಹೊರಗ ನಿಂತು ನಾ ಕರೀತೇನಿ... ಒಳಗ ಆಕಿ ನನ್ನ ಹೆಸರ ಹಿಡದ ಅಳ್ತಾಳ. ಊರಾಗ ಎದುರಿಗೆ ಬಂದವ್ರು ಹಾದಿ ಬಿಟ್ಟು ಹೊಲಕ್ಕ ಇಳೀತಾರ. ಒಮ್ಮೊಮ್ಮೆ ನನಗೂ ಅನಸ್ತೈತ್ರಿ... ಖರೇನ ನಾ ಸತ್ತೇನೇನು?"

ವೀರವ್ವ ಮುಂದೆ ಬಂದು ಅವನ ಮಣಿಕಟ್ಟು ಹಿಡಿದಳು. ಬಿಸಿಯಾಗಿತ್ತು! ನಾಡಿ ಹೊಡೆದುಕೊಳ್ಳುತ್ತಿತ್ತು.

"ಅದೀರಿ," ಎಂದಳು.

ಅವನ ಕಣ್ಣು ತುಂಬಿತು. "ಜ್ವರದಾಗ ಒಂದು ಹೆಣ್ಣಿನ ದನಿ ನನ್ನ ಹೆಸರ ಹೇಳ್ತು. ಆ ದನಿ ಕಡೆ ಹೊಳ್ಳಿ 'ನಾ ಅದೇನಿ' ಅಂದೆ. ಅದು ಈ ದನೀನ್ರಿ."

ಸ್ಟುಡಿಯೋದಲ್ಲಿ ವೀರವ್ವ ಕೇಳಿದ್ದು ಇವನ ದನಿಯನ್ನೇ! ಆದರೂ ಆ ಕೈಯನ್ನು ಬಿಡಬೇಕೆನಿಸಲಿಲ್ಲ.

ಮರುದಿನ ಮಧ್ಯಾಹ್ನ ಇಬ್ಬರೂ ಹತ್ತಿಮತ್ತೂರಿನ ಓಣಿಗೆ ಬಂದರು. ಬಿಸಿಲಿನಲ್ಲೂ ಓಣಿಯ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ವೀರವ್ವ ಉಳಿವೆಪ್ಪನ ಅವ್ವನ ಮನೆಯ ಬಾಗಿಲು ತಟ್ಟಿದಳು.

"ಕರೆವ್ವಾರ, ನಾನ್ರಿ ಆ ಸುದ್ದಿ ಓದಿದಾಕಿ. ಅದು ತಪ್ಪಿತ್ತು. ನಿಮ್ಮ ಮಗ ಅದಾನ!"

"ಸುಳ್ಳ!" ಒಳಗಿನಿಂದ ಮುದಿ ದನಿ. "ಟಿವ್ಯಾಗಿನಾಕಿ ಹಿಂಗ ಮಾತಾಡಂಗಿಲ್ಲ."

ವೀರವ್ವ ಉಸಿರೆಳೆದುಕೊಂಡು ವಾರ್ತೆಯ ದನಿಯಲ್ಲಿ ಹೇಳಿದಳು. "ಉಳಿವೆಪ್ಪ ಜೀವಂತವಾಗಿದ್ದಾರೆ."

ಒಳಗೆ ಒಮ್ಮೆಲೇ ಚೀರಾಟ!

"ಟಿವಿ ಪೆಟ್ಟಿಗಿ ಇಲ್ದ ಆ ದನಿ ಹ್ಯಾಂಗ ಬಂತು! ನೀನೂ ಸತ್ತಾಕಿ! ಹೋಗ್ರಿ, ಇಬ್ಬರೂ ಹೋಗ್ರಿ!"

ಉಳಿವೆಪ್ಪ ಹೊಸ್ತಿಲ ಬಳಿ ಕುಸಿದು ಕುಳಿತ. "ಬಿಡ್ರಿ. ನಿಮ್ಮ ತಪ್ಪ ನೀವು ತಿದ್ದೀರಿ. ನಡ್ರಿ, ನಿಮ್ಮೂರಿಗೆ ಹೋಗ್ರಿ."

'ತಪ್ಪು ತಿದ್ದಲಷ್ಟೇ ಬಂದೆ ಅಂದುಕೊಂಡನೇ?' ವೀರವ್ವ ಅವನ ಪಕ್ಕದಲ್ಲೇ ಕುಳಿತಳು. "ನಿಮ್ಮ ಅವ್ವ ಈಗೂ ಟಿವಿ ನೋಡ್ತಾರೇನ್ರಿ?"

"ದಿನಾ ಸಂಜೀಕ. ಮಗ್ಗಲ ಮನಿ ಗೌಸಬಿ ಪಂಚಾಯ್ತಿ ಟಿವಿ ನೋಡಾಕ ಕರಕೊಂಡು ಹೋಗ್ತಾಳ. ಮಗನ ಸುದ್ದಿ ಹೇಳಿದಾಕೀನ್ನ ನೋಡಬೇಕಂತ."

ಅವಳು ಅಂದೇ ಬೆಂಗಳೂರಿಗೆ ಮರಳಿ, ತಪ್ಪನ್ನು ವಾರ್ತೆಯಲ್ಲೇ ತಿದ್ದಲು ಅನುಮತಿ ಕೇಳಿದಳು.

"ಹಳೇ ಸುದ್ದಿ. ಒಬ್ಬನಿಗೋಸ್ಕರ ವಾರ್ತೆಯಲ್ಲಿ ಜಾಗ ಇಲ್ಲಮ್ಮ," ಎಂದರು ಹಿರಿಯ ಅಧಿಕಾರಿ. "ಕೊಟ್ಟಿದ್ದು ಬಿಟ್ಟು ಒಂದಕ್ಷರ ಓದಿದರೂ ಮತ್ತೆ ನಿಮ್ಮನ್ನು ಕರೆಯೋದಿಲ್ಲ."

ಅವಳು ತಲೆಯಾಡಿಸಿ ಸ್ಟುಡಿಯೋದೊಳಗೆ ಹೋದಳು.

ಹತ್ತಿಮತ್ತೂರಿನ ಪಂಚಾಯ್ತಿ ಕಟ್ಟೆಯಲ್ಲಿ ಜನ ನೆರೆದಿದ್ದರು. ಎಲ್ಲರಿಗಿಂತ ಮುಂದೆ ಕರೆವ್ವ. ಎಲ್ಲರಿಗಿಂತ ಹಿಂದೆ, ಬೇವಿನ ಮರದ ನೆರಳಿನಲ್ಲಿ ಉಳಿವೆಪ್ಪ.

ವಾರ್ತೆ ಮುಗಿಯಿತು. ಪರದೆಯ ಮೇಲೆ ವೀರವ್ವ ಎದುರಿನ ಹಾಳೆಗಳನ್ನು ಬದಿಗಿಟ್ಟಳು. ಅವಳ ದನಿ ಮೊದಲ ಸಲ ನಡುಗಿತು.

"ಹತ್ತಿಮತ್ತೂರಿನ ಕರೆವ್ವನವರೇ... ನಿಮ್ಮ ಮಗ ಉಳಿವೆಪ್ಪ ಸತ್ತಿಲ್ಲ. ನಾನು ಓದಿದ ಸುದ್ದಿ ತಪ್ಪು. ಅವರನ್ನು ನಾನೇ ಮುಟ್ಟಿ ನೋಡಿದ್ದೇನೆ."

ಒಬ್ಬೊಬ್ಬರಾಗಿ ಎಲ್ಲರ ತಲೆಗಳೂ ಹಿಂದಕ್ಕೆ ತಿರುಗಿದವು. ಕರೆವ್ವ ಎದ್ದಳು. ಜನ ದಾರಿ ಬಿಟ್ಟರು. ಬೆರಳಿನಿಂದ ಮಗನ ಕೆನ್ನೆ, ಗಲ್ಲ, ಕುತ್ತಿಗೆ ತಡಕಿದಳು.

"ಬೆಚ್ಚಗ ಅದಿಯಲ್ಲೋ, ನನ್ನಪ್ಪಾ!"

ಅವಳ ಅಳು ಇಡೀ ಊರಿಗೆ ಕೇಳಿತು.

ಬೆಂಗಳೂರಿನಲ್ಲಿ ವೀರವ್ವನನ್ನು ಮತ್ತೆ ಯಾರೂ ವಾರ್ತೆಗೆ ಕರೆಯಲಿಲ್ಲ. ದೀಪಾವಳಿಯ ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡು ಸವಣೂರಿಗೆ ಬಂದಳು. ಅವಳು ಬಂದ ಸುದ್ದಿ ತಿಳಿದದ್ದೇ ತಡ, ಮಾಸ್ತರರ ಮನೆಯ ಅಂಗಳದಲ್ಲಿ ಉಳಿವೆಪ್ಪ ನಿಂತಿದ್ದ. ಮುಖಕ್ಕೆ ಬಣ್ಣ ಬಂದಿತ್ತು.

"ಕೆಲಸಾ ಹೋತಂತಲ್ರಿ. ನನ್ನ ಮ್ಯಾಲಿನ ಕನಿಕರಕ್ಕ ಎಷ್ಟ ದೊಡ್ಡದು ಕಳಕೊಂಡ್ರಿ!"

"ಕನಿಕರ ಅಂದವ್ರು ಯಾರ್ರಿ?" ವೀರವ್ವನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಇಷ್ಟ ವರ್ಷ ನಾ ಮಾತಾಡೇನಿ, ಎದುರಿಗೆ ಬರೇ ಕ್ಯಾಮರಾ. ನೀವೊಬ್ಬರ ಎದುರಿಗೆ ಬಂದು ನನ್ನ ಜೋಡಿ ಜಗಳಾ ತಗದ್ರಿ. ನಿಮ್ಮನ್ನ ಬಿಟ್ಟು ನನಗ ಬ್ಯಾರೆ ಏನೂ ತಿಳೀವಲ್ತು..."

ಉಳಿವೆಪ್ಪ ಒಂದು ಹೆಜ್ಜೆ ಮುಂದೆ ಬಂದ.

"ನನಗೂ ಹಂಗ ಆಗೇತ್ರಿ. ಆದ್ರ... ಜಗಳಾ ಇನ್ನೂ ಭಾಳ ಉಳದಾವು."

"ಹಂಗಾರ ನಿಂತು ಮುಗಿಯಂಗಿಲ್ಲ. ಒಳಗ ಬರ್ರಿ, ಅಪ್ಪ ಅದಾರ."

"ಅಪ್ಪಾರ ಮುಂದ ಜಗಳಾಡೂದೇನು?"

"ಅಲ್ರೀ," ಕಣ್ಣೊರೆಸಿಕೊಂಡು ಅವಳು ನಕ್ಕಳು. "ಹೆಣ್ಣ ಕೇಳೂದು!"