ಕಾಲುವೆ ಪಕ್ಕದ ನಲವತ್ತು ಮನೆ

"ನಮ್ಮ ಹೊಲಕ್ಕೆ ಹಸಿರು ಬಣ್ಣ ಬಳಿದ ಮಹಾನುಭಾವ ಯಾರು ಸ್ವಾಮಿ?"

ಪುರಸಭೆ ಕಚೇರಿಯಲ್ಲಿ ತೂಗುಹಾಕಿದ್ದ ನಕ್ಷೆಯ ಮುಂದೆ ನಿಂತು ಹೀಗೆ ಗುಡುಗಿದವನು ವಾರ್ಡ್ ಸದಸ್ಯ ಮುನಿಕೃಷ್ಣ. ಪಕ್ಕದ ಮೇಜಿನಿಂದ ನೀಲಾಂಬಿಕಾ ಎದ್ದು ನಿಂತಳು.

"ಮಹಾನುಭಾವ ಅಲ್ಲ ಸರ್. ನಾನು."

ಅವನ ಸಿಟ್ಟು ಅರ್ಧ ದಾರಿಯಲ್ಲೇ ಮುಗ್ಗರಿಸಿತು. ಕಿವಿ ಮಾತ್ರ ಕೆಂಪಗಾಯಿತು. ನೀಲಾಂಬಿಕಾ ಅದನ್ನು ನೋಡಿಯೂ ನೋಡದವಳ ಹಾಗೆ ಪೆನ್ನಿನ ಮುಚ್ಚಳ ಹಾಕಿದಳು.

ಅತ್ತಿಬೆಲೆ ಆಚೆಯ ಆ ಪುಟ್ಟ ಊರಿನಲ್ಲಿ ಮುಂದಿನ ಇಪ್ಪತ್ತು ವರ್ಷ ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ಬಯಲು ಎಂದು ಹೇಳುವ ಮಾಸ್ಟರ್ ಪ್ಲಾನ್ ಅದು. ಯೋಜನಾಧಿಕಾರಿಯಾಗಿ ಅವಳು ಅದಕ್ಕೆ ಎರಡು ವರ್ಷ ಕೊಟ್ಟಿದ್ದಳು. ಕೆರೆಗೆ ನೀರು ತರುವ ರಾಜಕಾಲುವೆಯ ಎರಡೂ ಬದಿ ಕಟ್ಟಡ ಏಳಬಾರದೆಂದು ಹಸಿರು ತುಂಬಿದ್ದಳು. ಮುನಿಕೃಷ್ಣನ ಎರಡು ಎಕರೆ ಅದರೊಳಗೆ ಸಿಕ್ಕಿಕೊಂಡಿತ್ತು. ಅಲ್ಲಿ ಗೋಡೌನ್ ಕಟ್ಟಿಸಬೇಕೆಂದು ಅವನ ತಾಯಿ ಭದ್ರಮ್ಮನ ಆಸೆ.

"ಕಂಪ್ಯೂಟರ್‌ನಲ್ಲಿ ಬಣ್ಣ ಬಳಿಯೋದು ಸುಲಭ ಮೇಡಂ. ಒಂದ್ಸಲನಾದ್ರೂ ಬಂದು ನೋಡಿದ್ದೀರಾ?"

"ಹನ್ನೊಂದು ಸಲ. ಭಾನುವಾರ ಬರ್ರಿ, ನಿಮಗೂ ತೋರಿಸ್ತೀನಿ."

ಹುಟ್ಟಿದಾಗಿನಿಂದ ತುಳಿದ ಹೊಲವನ್ನು ತನಗೇ ತೋರಿಸುತ್ತೇನೆ ಎನ್ನುವವಳನ್ನು ನೋಡಬೇಕೆಂದೇ ಅವನು ಬಂದ.

ಅವಳು ತೋರಿಸಿದಳು. ಹೋದ ಮಳೆಗಾಲದಲ್ಲಿ ನೀರು ನಿಂತು ಹೋದ ಕಂದು ಗೆರೆ ಅಂಗನವಾಡಿಯ ಗೋಡೆಯ ಮೇಲೆ ಎದೆಮಟ್ಟಕ್ಕಿತ್ತು. ಮೇಲ್ಗಡೆ ಯಾರೋ ಕಾಲುವೆಗೆ ಮಣ್ಣು ತುಂಬಿದ್ದರ ಫಲ. ಮುನಿಕೃಷ್ಣ ಆ ಗೆರೆಯ ಮೇಲೆ ಬೆರಳಾಡಿಸಿದ.

ಆಮೇಲಿನ ಭಾನುವಾರ ಅವನಿಗೆ ಇನ್ನೊಂದು ಅನುಮಾನ ಬಂತು. ಅದರ ಮುಂದಿನ ಭಾನುವಾರ ಮತ್ತೊಂದು.

"ನಿಮಗೆ ಇಷ್ಟು ಡೌಟು ಎಲ್ಲಿಂದ ಬರ್ತಾವ್ರಿ?" ಅವಳು ನಕ್ಕಳು.

"ಶನಿವಾರ ಕೂತ್ಕೊಂಡು ರೆಡಿ ಮಾಡ್ತೀನಿ ಕಣ್ರೀ."

ಅವಳು ಹುಬ್ಬೇರಿಸಿ ನೋಡಿದಳು. ಅವನು ತಕ್ಷಣ ಕಾಲುವೆಯ ಕಡೆ ತಿರುಗಿ, ಅಲ್ಲಿಲ್ಲದ ಯಾವುದೋ ಹಕ್ಕಿಯನ್ನು ಹುಡುಕತೊಡಗಿದ.

ಅವಳು ತನ್ನ ಕಥೆ ಹೇಳಿದ್ದೂ ಹಾಗೆ ನಡೆಯುವಾಗಲೇ. ಅಪ್ಪ ಈಶಪ್ಪ ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು. ರಾಜಗೋಪಾಲನಗರದಲ್ಲಿ ಶೀಟಿನ ಮನೆ. ಅವಳಿಗೆ ಹತ್ತು ವರ್ಷವಿದ್ದಾಗ ಒಂದು ಬೆಳಿಗ್ಗೆ ಜೆಸಿಬಿ ಬಂದು ಅದನ್ನು ಕೆಡವಿತು. ಅವ್ವ ಮಲಕವ್ವ ಪಾತ್ರೆಗಳ ಮೂಟೆಯ ಮೇಲೆ ರಸ್ತೆಬದಿ ಕೂತಳು. "ಅವತ್ತೇ ಅಂದ್ಕೊಂಡೆ, ಊರಿನ ಗೆರೆ ಎಳೆಯೋರು ಯಾರು ಅಂತ ನೋಡಬೇಕು ಅಂತ."

ಪ್ಲಾನನ್ನು ಓಟಿಗೆ ಹಾಕುವ ಪುರಸಭೆಯ ಸಭೆಗೆ ವಾರವಿರುವಾಗ ಅವನು ತಡವರಿಸಿದ. "ಮೇಡಂ, ಒಂದು ಮಾತು. ನಕ್ಷೆ ವಿಷಯ ಅಲ್ಲ…"

"ಬ್ಯಾಡ್ರಿ," ಎಂದಳು ನೀಲಾಂಬಿಕಾ. "ಓಟು ಮುಗೀಲಿ. ಈಗ ನೀವು ಏನಂದ್ರೂ ಅದನ್ನ ಓಟಿಗೆ ಜೋಡಿಸ್ತಾರ. ನನಗೂ ಹಂಗೇ ಅನಿಸಬಹುದು."

ಅವನು ತಲೆಯಾಡಿಸಿದ.

ಸಭೆಯ ದಿನ ಗದ್ದಲವೋ ಗದ್ದಲ. "ಊರು ಬೆಳೀಬೇಕು ಅಂದ್ರೆ ಕಾರ್ಖಾನೆ ಬೇಕು, ಹುಲ್ಲಲ್ಲ!" ಎಂದು ಹಿರಿಯ ಸದಸ್ಯ ಚಿಕ್ಕಬೈರಪ್ಪ ಮೇಜು ಕುಟ್ಟಿದರು. ಮುನಿಕೃಷ್ಣ ಎದ್ದಾಗ ನೀಲಾಂಬಿಕಾ ಅವನತ್ತ ತಿರುಗಿದಳು.

"ಹಸಿರು ಇರಲಿ. ನೀರಿನ ದಾರಿ ನೀರಿಗೇ ಬಿಡೋಣ," ಎಂದ. ಅವಳ ಮುಖ ಅರಳಿತು. "ಆದ್ರೆ ಈ ಪ್ಲಾನ್‌ನಲ್ಲಿ ಒಂದು ತಪ್ಪಿದೆ. ಕಾಲುವೆ ಪಕ್ಕ ನಲವತ್ತು ಶೀಟಿನ ಮನೆ ಇದಾವೆ. ಫ್ಯಾಕ್ಟರಿಗೆ, ಗಾರೆ ಕೆಲಸಕ್ಕೆ ಹೋಗೋರು. ಅವರನ್ನ ಎಬ್ಬಿಸಬೇಕು ಅಂತ ಬರೆದಿದೆ. ಎಲ್ಲಿಗೆ ಕಳಿಸಬೇಕು ಅಂತ ಬರೆದಿಲ್ಲ."

ನೀಲಾಂಬಿಕಾ ನಕ್ಷೆ ನೋಡಿದಳು. ಹಸಿರಿನ ಕೆಳಗೆ ಸಣ್ಣ ಸಣ್ಣ ಚೌಕಗಳು. ಎಣಿಸಿದ್ದಳು, ಅಳೆದಿದ್ದಳು. ಅವುಗಳ ಮುಂದೆ ಮೂಟೆಯ ಮೇಲೆ ಕೂರುವವರನ್ನು ಮಾತ್ರ ಕಂಡಿರಲಿಲ್ಲ. ಅವಳೇ ಕಾಣದಿದ್ದರೆ ಇನ್ಯಾರು ಕಾಣಬೇಕಿತ್ತು?

ಮೈಕು ಹತ್ತಿರಕ್ಕೆಳೆದುಕೊಂಡಳು. "ಸದಸ್ಯರು ಹೇಳಿದ್ದು ಸರಿ. ತಪ್ಪು ನನ್ನದು."

"ರಸ್ತೆ ಪಕ್ಕ ದಿಣ್ಣೆ ಮೇಲೆ ನಮ್ಮದೇ ಬೇರೆ ಒಂದು ಎಕರೆ ಕಾರ್ಖಾನೆಗೆ ಅಂತ ಗುರುತಾಗಿದೆ," ಎಂದ ಅವನು. "ಅದನ್ನ ಕಾರ್ಮಿಕರ ಮನೆಗೆ ಅಂತ ಬದಲಾಯಿಸಿ. ಅಮ್ಮನ್ನ ಒಪ್ಪಿಸಿದ್ದೀನಿ, ಬೈಸ್ಕೊಂಡೇ ಒಪ್ಪಿಸಿದ್ದೀನಿ. ನನ್ನ ಜಮೀನಿನ ವಿಷಯ ಆದ್ದರಿಂದ ನಾನು ಓಟು ಹಾಕಲ್ಲ."

ತಿದ್ದುಪಡಿಯೊಂದಿಗೆ ಯೋಜನೆ ಎರಡು ಮತಗಳ ಅಂತರದಿಂದ ಪಾಸಾಯಿತು. ತಿದ್ದಿದ ನಕ್ಷೆಗೆ ಮೂರು ತಿಂಗಳ ಗಡುವು.

ಮೆಟ್ಟಿಲ ಬಳಿ ಅವನು ಕಾಯುತ್ತಿದ್ದ. ಅವಳ ಕಣ್ಣು ತೇವವಾಗಿತ್ತು.

"ಮೊದಲೇ ನನಗೆ ಹೇಳಬಹುದಿತ್ತಲ್ರಿ?"

"ಮೊನ್ನೆ ಆ ಮನೆಗಳ ಯಂಕಪ್ಪ, ನಾವೆಲ್ಲಿಗೆ ಹೋಗೋದು ಅಂತ ಕೇಳಿದಾಗಲೇ ನಂಗೂ ಹೊಳೆದದ್ದು. ಗುಟ್ಟಾಗಿ ನಿಮ್ಮ ಕೈಲಿ ತಿದ್ದಿಸಿದ್ರೆ ನಿಮ್ಮ ಹೆಸರು ಕೆಡ್ತಿತ್ತು." ಅವನ ದನಿ ಕುಗ್ಗಿತು. "ಬೇಜಾರಾಯ್ತಾ?"

"ಆತು. ಆದ್ರ ನೀವು ಸುಮ್ನಿದ್ದಿದ್ರ ಇನ್ನೂ ಜಾಸ್ತಿ ಆಗ್ತಿತ್ತು."

ಗೇಟಿನಾಚೆ ಫ್ಯಾಕ್ಟರಿ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು.

"ನಕ್ಷೆ ತಿದ್ದೋದು ಬೇರೆಯವರಿಗೆ ವಹಿಸ್ರಿ ಅಂತ ನಾಳೆ ಅರ್ಜಿ ಕೊಡ್ತೀನಿ," ಎಂದಳು ನೀಲಾಂಬಿಕಾ.

ಅವನು ಗಾಬರಿಯಾದ. "ಎರಡು ವರ್ಷದ ಕೆಲಸ ಕಣ್ರೀ! ಒಂದು ತಪ್ಪಿಗೆ ಯಾರಾದ್ರೂ ಬಿಟ್ಟುಕೊಡ್ತಾರಾ?"

"ತಪ್ಪಿಗಲ್ಲ." ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಸಂಬಂಧಿಕರ ಜಮೀನಿರೋ ನಕ್ಷೆ ನಾನು ಬರೀಬಾರದ್ರಿ."

"ಸಂಬಂಧಿಕರಾ? ನಿಮ್ಮೋರು ಯಾರಿದ್ದಾರೆ ಈ ಊರಲ್ಲಿ?"

"ಓಟು ಮುಗೀತಲ್ರಿ," ಎಂದಳು ಅವಳು. ಅವನ ಕಿವಿ ಮೆಲ್ಲಗೆ ಕೆಂಪಾಗುವವರೆಗೂ ನೋಡುತ್ತಾ ನಿಂತಳು.