ತೊಳೆದ ವೀರಗಲ್ಲು

ಆ ಬೆಳಿಗ್ಗೆ ಹೊಳೆಯ ಮೇಲಿಂದ ಎದ್ದ ಮಂಜು ಹೊಲಗಳನ್ನು ದಾಟಿ ಹಂಪಸಾಗರದ ಊರಬಾಗಿಲು, ಅಗಸಿಯವರೆಗೂ ಬಂದಿತ್ತು. ಹೊತ್ತು ಮೂಡಿ ತಾಸಾದರೂ ಬಿಸಿಲಿನ ಸುಳಿವಿರಲಿಲ್ಲ.

"ಏಯ್! ಏನ್ ಮಾಡಾಕತ್ತೀರಿ ಅಲ್ಲಿ?"

ವಾಣಿಶ್ರೀ ಬೆಚ್ಚಿ ತಿರುಗಿದಳು. ಅವಳ ಕೈಯಲ್ಲಿ ಬ್ರಷ್ಷು, ಕಾಲ ಬಳಿ ಸೀಗೆಪುಡಿಯ ನೀರು, ಎದುರಿಗೆ ಆಗಷ್ಟೇ ತೊಳೆದ ವೀರಗಲ್ಲು. ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಯುವಕನ ಮುಖ ಬಿಳಿಚಿತ್ತು.

"ಫೋಟೋಕ್ಕರಿ... ಎಣ್ಣಿ ಜಿಡ್ಡಿನ್ಯಾಗ ಕೆತ್ತನಿ ಕಾಣ್ತಿರಲಿಲ್ಲ. ಅದಕ್ಕ..."

"ನಾಕು ತಲಿಮಾರಿನ ಎಣ್ಣಿ ಕುಂಕುಮರಿ ಅದು! ಸೋಮಾರಕ್ಕೊಮ್ಮಿ ನಮ್ಮ ಮನ್ಯಾರು ಹಚ್ಚಿದ್ದು. ಒಂದ್ ತಾಸಿನ್ಯಾಗ ತೊಳದುಬಿಟ್ರಲ್ಲ!"

ಅದು ೧೯೯೮. ಹಗರಿಬೊಮ್ಮನಹಳ್ಳಿಯಲ್ಲಿ ತಂದೆಯ ಸ್ಟುಡಿಯೋದಲ್ಲೇ ಬೆಳೆದ ವಾಣಿಶ್ರೀ, ಒಂದು ಪುಸ್ತಕಕ್ಕಾಗಿ ಹಳೆಯ ಗುಡಿ, ಪಾಳುಕೋಟೆ, ವೀರಗಲ್ಲುಗಳ ಚಿತ್ರ ತೆಗೆಯುತ್ತಾ ಊರೂರು ಅಲೆಯುತ್ತಿದ್ದಳು. ಆ ಕಲ್ಲು ಒಬ್ಬರ ಮನೆದೇವರೂ ಆಗಿರಬಹುದೆಂದು... ಶಿವನೇ, ಅವಳಿಗೆ ಹೊಳೆದಿರಲೇ ಇಲ್ಲ!

ಅವನು ಗವಿಸಿದ್ದೇಶ, ಆ ಕಲ್ಲಿನ ಪೂಜಾರಿ. ಇನ್ನೂ ಬೈಯಲು ಬಾಯಿ ತೆರೆದವನು ಕಲ್ಲನ್ನೇ ನೋಡುತ್ತಾ ನಿಂತುಬಿಟ್ಟ. ಕುದುರೆ, ಎತ್ತಿದ ಕತ್ತಿ, ಮೀಸೆಯೂ ಮೂಡದ ಒಂದು ಎಳೆಯ ಮುಖ...

"ಹುಟ್ಟಿದಾಗಿಂದ ಕೈ ಮುಗಿಯಾಕತ್ತೀನ್ರಿ. ಕಾಳಗದಾಗ ಸತ್ತ ನಮ್ಮಜ್ಜ ಇಷ್ಟು ಸಣ್ಣಾವ ಇದ್ದ ಅಂತ ಇವತ್ತ ಗೊತ್ತಾತು."

ಅವನ ಕಣ್ಣು ತುಂಬಿತ್ತು. ವಾಣಿಶ್ರೀ ಅವನನ್ನೇ ನೋಡುತ್ತಾ ನಿಂತಳು; ಆಮೇಲೆ ಬ್ರಷ್ಷು ಕೆಳಗಿಟ್ಟು ಕಲ್ಲಿನ ಆ ಮುಖದ ಚಿತ್ರ ತೆಗೆದಳು.

ಅಷ್ಟರಲ್ಲಿ ಊರ ಹಿರಿಯ ಗಾದೆಪ್ಪ ನಾಲ್ಕು ಜನರೊಂದಿಗೆ ಬಂದ.

"ಯಾರಲೇ ಅಜ್ಜನ್ನ ಹಿಂಗ ಬೆತ್ತಲಿ ನಿಲ್ಲಿಸಿದ್ದು?"

ವಾಣಿಶ್ರೀ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ನಾನ... ತೊಳದೀನಿ," ಎಂದ ಗವಿಸಿದ್ದೇಶ.

'ಹೇಳು, ಈಗಲೇ ಹೇಳು!' ಎಂದಿತು ಮನಸ್ಸು. ರಸ್ತೆಯಲ್ಲಿ ಬಸ್ಸು ಹಾರನ್ ಹಾಕಿತು. ಅವಳು ಕ್ಯಾಮೆರಾ ಬ್ಯಾಗು ಎತ್ತಿಕೊಂಡು... ಹತ್ತಿಬಿಟ್ಟಳು.

ಆ ಚಿತ್ರವನ್ನು ನೋಡಿದವರೆಲ್ಲ ಮೆಚ್ಚಿದರು. ಅವಳು ಮಾತ್ರ ಅದನ್ನು ಬೋರಲಾಗಿ ಇಟ್ಟಳು. ತಂದೆಯ ಮುಖವನ್ನೂ ನೇರವಾಗಿ ನೋಡಲಾಗಲಿಲ್ಲ.

ಇಪ್ಪತ್ತು ದಿನದ ಮೇಲೆ, ಸಂತೆಗೆ ಬಂದಿದ್ದ ಹಂಪಸಾಗರದ ಹೊನ್ನೂರಮ್ಮ ಬದನೆಕಾಯಿ ತೂಗುತ್ತಾ ಹೇಳಿದಳು: "ನಮ್ಮೂರ ವೀರಗಲ್ಲಿನ ಪೂಜಾರಿ ಹುಡುಗಗ ಒಂದ್ ವರ್ಷ ಪೂಜಿ ಬಿಡಿಸ್ಯಾರವ್ವಾ. ಯಾಕ ತೊಳದಿ ಅಂದ್ರ ಬಾಯಿ ಬಿಡವಲ್ಲ. ಅವರವ್ವ ಅತ್ತೂ ಅತ್ತೂ ಸೊರಗ್ಯಾಳ."

ವಾಣಿಶ್ರೀ ಹಿಡಿದಿದ್ದ ಚೀಲ ಜಾರಿತು. 'ಒಂದು ಮಾತು ಆಡದೆ ಅವನ ದೇವರನ್ನೇ ಕಸಿದುಕೊಂಡೆನಲ್ಲ...'

ಮುಂದಿನ ಸೋಮವಾರ ಅವಳು ಕಲ್ಲಿನ ಮುಂದೆ, ಸೇರಿದ್ದ ಜನರ ನಡುವೆ ನಿಂತಿದ್ದಳು.

"ಕಲ್ಲು ತೊಳದಾಕಿ ನಾನ್ರಿ. ಅವರಲ್ಲ."

"ಮತ್ತ ಅವತ್ತ ಬಾಯಾಗ ಕಡುಬು ಇಟಗೊಂಡಿದ್ದೇನವಾ?" ಎಂದ ಗಾದೆಪ್ಪ. ಯಾರೋ ಕಿಸಕ್ಕನೆ ನಕ್ಕರು.

"ಹೆದರಿಕಿ ಇತ್ರಿ. ಈಗ ನಾಚಿಕಿ ಐತಿ... ಏನ್ ಶಿಕ್ಷಾ ಇದ್ರೂ ನನಗ ಕೊಡ್ರಿ."

ಅವಳು ನೆಲಕ್ಕೆ ಹಣೆ ಹಚ್ಚಿದಳು. ಎದ್ದಾಗ, ದೂರದ ಬೇವಿನ ಬುಡದಲ್ಲಿದ್ದ ಗವಿಸಿದ್ದೇಶ ಪಕ್ಕಕ್ಕೇ ಬಂದಿದ್ದ.

"ಯಾಕ ಬಂದ್ರಿ? ವರ್ಷ ಆದ್ರ ಮಂದಿ ಮರೀತಿದ್ರು."

"ನಾನು ಮರೀತಿರಲಿಲ್ರಿ. ನೀವ್ಯಾಕ ಸುಳ್ಳು ಹೇಳಿದ್ರಿ?"

"ಅಜ್ಜನ ಮುಖ ತೋರಿಸಿದಾಕಿನ್ನ ಮಂದಿ ಬಾಯಿಗೆ ಹೆಂಗ ಕೊಡಲಿ?" ಅವನು ತಲೆ ತಗ್ಗಿಸಿದ. "ಆಮ್ಯಾಲ... ನಿಮ್ಮನ್ನ ಇನ್ನೊಮ್ಮಿ ನೋಡಬೇಕು ಅಂತ ಜೀವ ಬಡಕೊಂತಿತ್ತು."

"ಓಡಿಹೋದಾಕಿನ್ನ?"

"ತಿರುಗಿ ಬಂದಾಕಿನ್ನ."

ಅವಳಿಗೆ ಕಣ್ಣೀರಿನ ನಡುವೆಯೇ ನಗು ಬಂತು. "ಇನ್ನ ಎಲ್ಲೂ ಓಡಂಗಿಲ್ರಿ ನಾನು..."

ಗಾದೆಪ್ಪ ಅಂದಿನ ಪೂಜೆಗೆ ತಾನು ಹಿಡಿದಿದ್ದ ಎಣ್ಣೆಯ ಗಿಂಡಿಯನ್ನು ಗವಿಸಿದ್ದೇಶನ ಕೈಗಿಟ್ಟು, ಕಲ್ಲಿನ ಮುಂದಿನಿಂದ ಪಕ್ಕಕ್ಕೆ ಸರಿದು ನಿಂತ.